ಅರ್ಧ ಮಿಲಿಮೀಟರಿನ ಬಿನ್ನಹ

ನಗೆಯನ್ನು ಹೊಸದಾಗಿ ರೂಪಿಸಿಕೊಡುವ ದಂತ ಚಿಕಿತ್ಸಾಲಯಗಳ ಮಾನ್ಯ ಡಾಕ್ಟರರಿಗೆ,



ತಾವು ನನ್ನ ಮುಖ ನೋಡಿದವರಲ್ಲ. ತಮ್ಮ ಕ್ಲಿನಿಕ್ಕಿನ ಗಾಜಿನ ಬಾಗಿಲಿನಿಂದ ಸಂಜೆ ಹೊತ್ತು ಒಬ್ಬ ಹುಡುಗ ಸಣ್ಣ ಪ್ಲಾಸ್ಟಿಕ್ ಡಬ್ಬಿ ಹಿಡಿದು ಹೊರಟು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೈಕು ನುಗ್ಗಿಸಿಕೊಂಡು ಬಂದು ಒಂದು ಮಹಡಿ ಹತ್ತುತ್ತಾನಲ್ಲ, ಆ ಮಹಡಿಯ ಡೆಂಟಲ್ ಲ್ಯಾಬಿನಲ್ಲಿ ಪಿಂಗಾಣಿ ಕೆಲಸ ಮಾಡುವವನು ನಾನು. 1948ರ ಡೆಂಟಿಸ್ಟ್ಸ್ ಆಕ್ಟ್ ನಮ್ಮ ಕಸುಬಿನವರನ್ನು ಡೆಂಟಲ್ ಮೆಕ್ಯಾನಿಕ್ ಎಂದು ಕರೆಯಿತು. ರೋಗಿಯ ಬಾಯಿಗೆ ಕೈ ಹಾಕುವ ಅಧಿಕಾರ ನಮಗಿಲ್ಲ, ಇರಲೂಬಾರದು. ತಾವು ತೆಗೆದ ಅಳತೆ, ತಾವು ಕಳಿಸಿದ ಸ್ಕ್ಯಾನು, ತಾವು ಬರೆದ ಸ್ಲಿಪ್ಪು, ಇಷ್ಟೇ ನನಗೆ ಕಾಣುವುದು. ನನ್ನ ಮನೆಯ ಒಲೆ ಉರಿಯುವುದು ಅದರಿಂದ, ಮಗಳ ಕಾಲೇಜು ಫೀಸು ಕಟ್ಟಿದ್ದು ಅದರಿಂದ. ಆ ಋಣವನ್ನು ಮರೆತು ಈ ಕಾಗದ ಬರೆಯುತ್ತಿಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ತಾವು ಸ್ಲಿಪ್ಪನ್ನು ಸ್ಪಷ್ಟವಾಗಿ ಬರೆಯುತ್ತೀರಿ. ಅದಕ್ಕೆ ನಾನು ಕೃತಜ್ಞ. 'ಮಿನಿಮಲ್ ಪ್ರೆಪ್ ವೀನಿಯರ್, ಮೇಲಿನ ಆರು ಹಲ್ಲು, ಶೇಡ್ ಬಿಎಲ್1, ಅರ್ಜೆಂಟ್.' ಮಿನಿಮಲ್ ಪ್ರೆಪ್ ಎಂದರೆ ಕನಿಷ್ಠ ಕೊರೆತ, ಒಂದಕ್ಷರವೂ ಗೊಂದಲವಿಲ್ಲ. ಆದರೆ ಡಾಕ್ಟರೇ, ಅದರ ಜೊತೆ ಬಂದ ಅಳತೆಗೆ ಪ್ಲಾಸ್ಟರ್ ಸುರಿದು ಮಾಡೆಲ್ ಬಿಡಿಸಿದಾಗ ಕೈ ನಡುಗುತ್ತದೆ. ವೀನಿಯರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ. ಈ ಮಾಡೆಲಿನಲ್ಲಿ ಹಲ್ಲಿನ ಮುಂದೆ, ಹಿಂದೆ, ಎರಡು ಪಕ್ಕ, ತುದಿ ಎಲ್ಲವನ್ನೂ ಸುತ್ತ ಉಜ್ಜಿ, ಪಕ್ಕದ ಹಲ್ಲಿನ ಜೊತೆಗಿದ್ದ ಸಂಪರ್ಕವನ್ನೂ ಬಿಡಿಸಿ, ನಡುವೆ ಒಂದು ಮೊಂಡು ಗೂಟವನ್ನು ಮಾತ್ರ ಉಳಿಸಲಾಗಿದೆ. ಇದರ ಮೇಲೆ ಕೂರುವುದು ವೀನಿಯರ್ ಅಲ್ಲ, ಕ್ಯಾಪ್. ನಾನು ಮಾಡಿಕೊಡುವುದೂ ಕ್ಯಾಪನ್ನೇ. ಬಿಲ್ಲಿನಲ್ಲಿ ಮಾತ್ರ ವೀನಿಯರ್ ಎಂದಿರುತ್ತದೆ, ರೋಗಿಯ ಮನಸ್ಸಿನಲ್ಲೂ ಹಾಗೇ ಇರುತ್ತದೆ.

ಎರಡರ ನಡುವಿನ ಅಂತರವನ್ನು ಅಳೆದವರಿದ್ದಾರೆ. ಎಡೆಲ್‌ಹಾಫ್ ಮತ್ತು ಸೊರೆನ್ಸನ್ ಎಂಬ ಸಂಶೋಧಕರು ಮುಂದಿನ ಹಲ್ಲುಗಳ ಕೃತಕ ಮಾದರಿಗಳನ್ನು ಬೇರೆ ಬೇರೆ ಬಗೆಯಲ್ಲಿ ಕೊರೆದು ತೂಗಿ, 2002ರಲ್ಲಿ ಲೆಕ್ಕ ಪ್ರಕಟಿಸಿದರು. ವೀನಿಯರಿನಂಥ ಕೆಲಸಕ್ಕೆ ವಸಡಿನ ಹೊರಗೆ ಕಾಣುವ ಕಿರೀಟ ಭಾಗದ ಶೇಕಡ 3ರಿಂದ 30ರಷ್ಟು ಹಲ್ಲು ಹೋದರೆ, ಪೂರ್ತಿ ಕ್ಯಾಪಿಗೆ ಶೇಕಡ 63ರಿಂದ 72ರಷ್ಟು ಹೋಗುತ್ತದೆ. ತಾವು ಓದಿದವರು, ನನಗಿಂತ ಮೊದಲೇ ಇದನ್ನು ಬಲ್ಲಿರಿ. ಬಲ್ಲವರ ಸ್ಲಿಪ್ಪಿನಲ್ಲೇ ಆ ಹೆಸರನ್ನೂ ಮಾಡೆಲಿನಲ್ಲಿ ಆ ಗೂಟವನ್ನೂ ಒಟ್ಟಿಗೆ ಕಾಣುವುದರಿಂದ ನನಗೆ ನೋವಾಗಿದೆ.

ಹೋದದ್ದು ಮರಳಿ ಬರುವಂಥದ್ದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಸುಲಿದರೆ ಹೊಸದು ಬರುತ್ತದೆ. ಹಲ್ಲಿನ ಹೊರಕವಚವಾದ ಎನಾಮಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಇನ್ನೂ ದವಡೆಯೊಳಗೆ ಇರುವಾಗಲೇ ಕೆಲಸ ಮುಗಿಸಿ, ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ತೂಕದಲ್ಲಿ ಶೇಕಡ 96ರಷ್ಟು ಖನಿಜವೇ ಆಗಿರುವ, ದೇಹದ ಅತಿ ಗಟ್ಟಿ ವಸ್ತು ಅದು. ಮೇಲಿನ ಮುಂದಿನ ಹಲ್ಲಿನ ತುದಿಯ ಕಡೆ ಅದು ಒಂದು ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ. ವಸಡಿನ ಹತ್ತಿರ 0.3ರಿಂದ 0.5 ಮಿಲಿಮೀಟರ್ ಅಷ್ಟೇ. ಎಲ್ಲ ಕಡೆಯೂ ಒಂದೇ ಸಮ ಅರ್ಧ ಮಿಲಿಮೀಟರ್ ಉಜ್ಜಿದರೂ ವಸಡಿನ ಬಳಿ ಎನಾಮಲ್ಲಿನ ಕೆಳಗಿನ ಪದರವಾದ ಡೆಂಟಿನ್ ಬಯಲಾಗುತ್ತದೆ. ತಮ್ಮ ಕೈಯಲ್ಲಿರುವ, ಹಲ್ಲು ಕೊರೆಯುವ ವಜ್ರದ ಬರ್‌ಗೆ ಆ ದಪ್ಪವನ್ನು ಕಳೆಯಲು ಕೆಲವು ಸೆಕೆಂಡು ಸಾಕು.

ಆ ಅರ್ಧ ಮಿಲಿಮೀಟರಿಗಾಗಿ ನಾನೇಕೆ ಇಷ್ಟು ಅಂಗಲಾಚುತ್ತೇನೆ ಎಂದರೆ, ನನ್ನ ಪಿಂಗಾಣಿಯ ಪ್ರಾಣ ಅದರಲ್ಲೇ ಇದೆ. ಕುಲುಮೆಯಿಂದ ತೆಗೆದ 0.3 ಮಿಲಿಮೀಟರಿನ ವೀನಿಯರನ್ನು ಬೆರಳಲ್ಲಿ ಹಿಡಿದರೆ ಅದು ಹಪ್ಪಳದಂತೆ, ಸ್ವಲ್ಪ ಒತ್ತಿದರೆ ಪಟ್ಟನೆ ಮುರಿಯುತ್ತದೆ. ಎನಾಮಲ್ಲಿಗೆ ಅಂಟಿಕೊಂಡ ಮೇಲೆ ಅದೇ ಪದರದಿಂದ ಇಪ್ಪತ್ತು ವರ್ಷ ಅನ್ನ ತಿನ್ನಬಹುದು. ಈ ಅಂಟು ಸಿಕ್ಕಿದ್ದು ಸುಲಭಕ್ಕಲ್ಲ. 1928ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಹಾಲಿವುಡ್ ನಟರಿಗಾಗಿ ತೆಳು ಹೊದಿಕೆಗಳನ್ನು ಮಾಡಿದರು. ಬಾಲನಟಿ ಶರ್ಲಿ ಟೆಂಪಲ್ ಹಾಲುಹಲ್ಲು ಬಿದ್ದ ಜಾಗ ಕ್ಯಾಮರಾಗೆ ಕಾಣದಂತೆ ಮಾಡಿದ್ದೂ ಅವರೇ. ಆದರೆ ಅವನ್ನು ಹಲ್ಲುಸೆಟ್ಟಿಗೆ ಹಾಕುವ ಪುಡಿಯಿಂದ ಕೂರಿಸಬೇಕಿತ್ತು. ಶೂಟಿಂಗ್ ಮುಗಿದರೆ ತೆಗೆದಿಡುವುದು, ಅಷ್ಟೇ. ಗಟ್ಟಿಯಾಗಿ ಅಂಟಿಸುವ ದಾರಿ ತೋರಿದವರು ಮೈಕೆಲ್ ಬೂನೊಕೋರ್. ಲೋಹಕ್ಕೆ ಬಣ್ಣ ಕಚ್ಚಲಿ ಎಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದರು. ಅದನ್ನೇ ಎನಾಮಲ್ಲಿಗೆ ಸವರಿದರೆ ಮೇಲ್ಮೈಯಲ್ಲಿ ಸೂಕ್ಷ್ಮ ತೂತುಗಳಾಗಿ ಪ್ಲಾಸ್ಟಿಕ್‌ನಂಥ ರೆಸಿನ್ ಕಚ್ಚಿಕೊಳ್ಳುತ್ತದೆ ಎಂದು ಅವರು 1955ರಲ್ಲಿ ತೋರಿಸಿದರು. ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹಾಗೇ ಒರಟಾಗಿಸಿ, ಅಂದರೆ ಎಚ್ ಮಾಡಿ, ಅಂಟಿಸುವ ವಿಧಾನವನ್ನು ಸೈಮನ್ಸನ್ ಮತ್ತು ಕಲಾಮಿಯ 1983ರಲ್ಲಿ ಪ್ರಕಟಿಸಿದ ಮೇಲೆ ವೀನಿಯರ್ ಶಾಶ್ವತ ಚಿಕಿತ್ಸೆಯಾಯಿತು. ಈ ದಾರಿ ಸವೆಸಲು ಐವತ್ತೈದು ವರ್ಷ ಹಿಡಿಯಿತು. ಎಲ್ಲವೂ ನಿಂತಿರುವುದು ಎನಾಮಲ್ ಉಳಿದಿದೆ ಎಂಬ ಒಂದೇ ನಂಬಿಕೆಯ ಮೇಲೆ.

ಆ ನಂಬಿಕೆಗೆ ಲೆಕ್ಕವೂ ಇದೆ. ಆಸ್ಟ್ರೇಲಿಯಾದ ಲೇಟನ್ ಮತ್ತು ವಾಲ್ಟನ್ ತಮ್ಮ ರೋಗಿಗಳನ್ನು ಇಪ್ಪತ್ತು ವರ್ಷದವರೆಗೂ ಬಿಡದೆ ನೋಡಿ 2012ರಲ್ಲಿ ಬರೆದರು: ಕನಿಷ್ಠ ಶೇಕಡ 80ರಷ್ಟು ಎನಾಮಲ್ ಉಳಿಸಿಕೊಂಡ ಹಲ್ಲುಗಳಲ್ಲಿ ಹತ್ತು ವರ್ಷಕ್ಕೆ ಶೇಕಡ 96, ಇಪ್ಪತ್ತು ವರ್ಷಕ್ಕೆ ಶೇಕಡ 91ರಷ್ಟು ವೀನಿಯರುಗಳು ಬಾಳಿದ್ದವು. ಮರುವರ್ಷ ಇಸ್ತಾಂಬುಲ್‌ನ ಗಾಲಿಪ್ ಗುರೆಲ್ ಮತ್ತು ಜೊತೆಗಾರರು, ಡೆಂಟಿನ್ನಿಗೆ ಅಂಟಿಸಿದ ವೀನಿಯರ್ ಎನಾಮಲ್ಲಿಗೆ ಅಂಟಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಸೋಲುತ್ತದೆ ಎಂದು ತಿಳಿಸಿದರು. ತಮ್ಮಲ್ಲಿ ಹಾಕಿಸಿಕೊಂಡ ವೀನಿಯರ್ ಬಿಟ್ಟುಬಂದಾಗ ತಾವು ಲ್ಯಾಬಿಗೆ ಫೋನ್ ಮಾಡಿ 'ನಿಮ್ಮ ಪಿಂಗಾಣಿ ಸರಿಯಿಲ್ಲ' ಎನ್ನುತ್ತೀರಿ. ನಾನು 'ಆಯ್ತು ಸರ್, ಬೇರೆ ಮಾಡಿಕೊಡ್ತೀನಿ' ಎನ್ನುತ್ತೇನೆ. ಸಂಬಂಧ ಕೆಡಬಾರದು ಎಂದು ಹಾಗೆ ಹೇಳುತ್ತೇನೆ. ಮಾಡೆಲಿನಲ್ಲಿ ಡೆಂಟಿನ್ ಬಯಲಾಗಿರುವುದು ನಮ್ಮಿಬ್ಬರಿಗೂ ಗೊತ್ತು.

ತಾವು ನನ್ನ ಮೇಲೆ ಬಹಳ ಭರವಸೆ ಇಟ್ಟಿದ್ದೀರಿ. ಹಲ್ಲಿನ ಉದ್ದ, ಅಗಲ, ಆಕಾರ ಎಲ್ಲವನ್ನೂ 'ನೀವೇ ಚೆನ್ನಾಗಿ ನೋಡಿ ಮಾಡಿ' ಎಂದು ಬಿಟ್ಟುಕೊಡುತ್ತೀರಿ. ಈ ವಿಶ್ವಾಸಕ್ಕೆ ತಲೆಬಾಗುತ್ತೇನೆ, ಆದರೆ ಇದು ನನ್ನ ಬಳಿ ತಲುಪುವುದು ಹಲ್ಲು ಉಜ್ಜಿ ಮುಗಿದ ಮೇಲೆ. ಮೊದಲು ತಲುಪಬೇಕಿತ್ತು. ಮುಟ್ಟದ ಹಲ್ಲಿನ ಅಳತೆ ಕಳಿಸಿದ್ದರೆ ಅದರ ಮೇಲೆ ಮೇಣದಲ್ಲಿ ಹೊಸ ನಗೆಯನ್ನು ಕಟ್ಟುತ್ತಿದ್ದೆ. ಅದರಿಂದ ಸಿಲಿಕಾನ್ ಅಚ್ಚು ತೆಗೆದು ಕಳಿಸಿದರೆ ತಾವು ತಾತ್ಕಾಲಿಕ ರೆಸಿನ್ ತುಂಬಿ, ಒಂದು ಕಣ ಹಲ್ಲನ್ನೂ ಕೊರೆಯದೆ, ರೋಗಿಯ ಬಾಯಲ್ಲೇ ಆ ನಗೆಯನ್ನು ಕೂರಿಸಬಹುದಿತ್ತು. ಆಕೆ ಕನ್ನಡಿ ನೋಡಿ, ಮಾತಾಡಿ, ತಾಯಿಗೆ ತೋರಿಸಿ, 'ಇದು ಬೇಡ, ಸ್ವಲ್ಪ ಗಿಡ್ಡ ಇರಲಿ' ಎನ್ನಬಹುದಿತ್ತು. ಒಪ್ಪಿದ ಮೇಲೆ ಆ ರೆಸಿನ್ನಿನ ಮೂಲಕವೇ ಆಳ ಗುರುತಿಸುವ ಬರ್ ಹಾಯಿಸಿದರೆ, ಪಿಂಗಾಣಿಗೆ ಜಾಗ ಬೇಕಾದಲ್ಲಿ ಮಾತ್ರ ಹಲ್ಲು ಹೋಗುತ್ತದೆ. ಒಳಗೆ ಬಾಗಿದ ಹಲ್ಲಿನ ಮೇಲೆ ರೆಸಿನ್ನೇ ದಪ್ಪವಾಗಿ ಕೂತಿರುವುದರಿಂದ ಬರ್ ಹಲ್ಲನ್ನು ತಲುಪುವುದೇ ಇಲ್ಲ! ಈ ಕೆಲಸ ಮಾಡುವಾಗಲೆಲ್ಲ ನನಗೆ ಆಗುವ ಸಂತೋಷವನ್ನು ಹೇಗೆ ಹೇಳಲಿ. ಎಷ್ಟು ಕೊರೆಯಬೇಕು ಎಂಬುದನ್ನು ಹಳೆಯ ಹಲ್ಲನ್ನು ನೋಡಿ ತೀರ್ಮಾನಿಸುವುದಲ್ಲ, ಮುಂದೆ ಬರಲಿರುವ ಹಲ್ಲಿನಿಂದ ಹಿಂದಕ್ಕೆ ಅಳೆಯುವುದು. ಕನಿಷ್ಠ ಕೊರೆತದ ವೀನಿಯರಿನ ವಿದ್ಯೆಯೆಲ್ಲ ಇರುವುದು ಇಲ್ಲೇ. ಮೇಣಕ್ಕೂ ನನ್ನ ಸಮಯಕ್ಕೂ ಆಗುವ ಖರ್ಚು ಉಳಿಯಲಿ ಎಂದು ತಾವು ಇದನ್ನು ಬಿಡುತ್ತಿದ್ದರೆ, ಆ ಖರ್ಚನ್ನು ನಾನೇ ಹೊರುತ್ತೇನೆ. ಕೇಳಿದರೆ ಸಾಕು.

ಸೊಟ್ಟ ಹಲ್ಲಿನವರಿಗೆ ತಾವು ಎರಡು ವಾರದಲ್ಲಿ ನೇರ ಸಾಲು ಕೊಡುತ್ತೀರಿ. ಅವರ ಆತುರವನ್ನು ಅರ್ಥಮಾಡಿಕೊಂಡ ತಮ್ಮ ಕರುಣೆಯನ್ನು ಗೌರವಿಸುತ್ತೇನೆ. ಆದರೆ ಹೊರಗೆ ಚಾಚಿದ ಹಲ್ಲನ್ನು ಉಜ್ಜಿ ಸಾಲಿಗೆ ತರುವುದೆಂದರೆ ಎಷ್ಟೋ ಸಲ ನರದ ಹತ್ತಿರದವರೆಗೆ ಹೋಗುವುದು. ಇಪ್ಪತ್ತರ ಹರೆಯದವರ ಹಲ್ಲಿನಲ್ಲಿ ನರದ ಕೋಣೆ ದೊಡ್ಡದಿರುತ್ತದೆ. ಆಮೇಲೆ ರೂಟ್ ಕೆನಾಲ್, ಆಮೇಲೆ ಬೇರಿನೊಳಗೆ ಕೂರಿಸುವ ಪೋಸ್ಟು. ಕ್ಲಿಪ್ ಹಾಕಿ ಸರಿಮಾಡಿ ಎಂದು ದಯಮಾಡಿ ಹೇಳಿ. ವರ್ಷ ತಡವಾದರೂ ಸ್ವಂತ ಹಲ್ಲು ಉಳಿಯುತ್ತದೆ. ಕೊನೆಗೆ ತುದಿಯಲ್ಲಿ ಒಂದೆರಡಕ್ಕೆ ತೆಳು ವೀನಿಯರ್ ಬೇಕಾದರೆ ನಾನಿದ್ದೇನಲ್ಲ.

ಇನ್ನು ನನ್ನ ಸೀಮೆಯ ಮಾತು. ನಾನು ಪಾವಗಡದ ಕಡೆಯವನು. ಬಾಗೇಪಲ್ಲಿ, ಕೋಲಾರ, ಆ ಕಡೆ ಮುಂಡರಗಿ, ಈ ಊರುಗಳ ಹೆಸರು ಕೇಳಿದರೆ ತಮಗೆ ಹಲ್ಲಿನ ಬಣ್ಣ ನೆನಪಾಗಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ದೇಶದ ಮಿತಿ. ನಮ್ಮ ಎಷ್ಟೋ ಬೋರ್‌ವೆಲ್ಲುಗಳು ಅದನ್ನು ದಾಟಿವೆ. ಮುಂದಿನ ಹಲ್ಲುಗಳ ಎನಾಮಲ್ ದವಡೆಯೊಳಗೆ ಕಟ್ಟಿಕೊಳ್ಳುವ ಮೊದಲ ನಾಲ್ಕೈದು ವರ್ಷ ಮಗು ಆ ನೀರು ಕುಡಿದರೆ, ಏಳನೇ ವಯಸ್ಸಿಗೆ ಹೊರಬರುವ ಹಲ್ಲಿನ ಮೇಲೆ ಸುಣ್ಣದಂಥ ಗೆರೆ, ಆಮೇಲೆ ಕಂದು ಕಲೆ. ಗಂಡಿನ ಕಡೆಯವರು ನೋಡಲು ಬಂದಾಗ ಬಾಯಿ ತೆರೆಯದೆ ಬರೀ ತಲೆ ಆಡಿಸಿದ ಅಕ್ಕಂದಿರ ನಡುವೆ ನಾನು ಬೆಳೆದವನು. ಅಂಥ ಮನೆಯ ಮಗಳೊಬ್ಬಳು ನಗರಕ್ಕೆ ಬಂದು, ಕೆಲಸ ಹಿಡಿದು, ಮೊದಲ ವರ್ಷದ ಉಳಿತಾಯವನ್ನೆಲ್ಲ ತಂದು ತಮ್ಮ ಕುರ್ಚಿಯಲ್ಲಿ ಕೂತಾಗ, ಆಕೆಯನ್ನು ಬರಮಾಡಿಕೊಂಡ ತಮಗೆ ನನ್ನ ಇಡೀ ಸೀಮೆಯ ಪರವಾಗಿ ವಂದನೆ.

ಆದರೆ ಆ ಹಲ್ಲಿನ ಮೇಲೆ ನೇರವಾಗಿ ಬರ್ ಇಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದು ಕೆಟ್ಟ ಹಲ್ಲಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಇಂಥದೇ ಕಂದು ಹಲ್ಲುಗಳನ್ನು ವರ್ಷಗಟ್ಟಲೆ ನೋಡಿದ ಡಾ. ಫ್ರೆಡರಿಕ್ ಮೆಕೇ, ಇವು ಹುಳುಕು ಬೀಳುವುದು ಕಡಿಮೆ ಎಂದು ಗಮನಿಸಿದ್ದರು. ಕಾರಣ ನೀರಿನ ಫ್ಲೋರೈಡ್ ಎಂಬುದು 1931ರಲ್ಲಿ ಗೊತ್ತಾಯಿತು. ಬಿಳಿ ಗೆರೆ, ತೆಳು ಕಂದು ಬಣ್ಣಕ್ಕೆ ಆಮ್ಲ ಬೆರೆತ ಪೇಸ್ಟಿನಿಂದ ತಿಕ್ಕುವ ಮೈಕ್ರೋಅಬ್ರೇಷನ್ ಇದೆ. ಅದರಲ್ಲಿ ಹೋಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ರಾತ್ರಿ ಟ್ರೇಯಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡ್ ಹಾಕಿ ಮಲಗುವ ಬ್ಲೀಚಿಂಗ್ 1989ರಿಂದ ಬಳಕೆಯಲ್ಲಿದೆ. ಬಿಳಿ ಕಲೆಯೊಳಗೆ ತೆಳು ರೆಸಿನ್ ಇಳಿಸುವ ವಿಧಾನವೂ ಬಂದಿದೆ. ಇವು ಯಾವುದರಿಂದಲೂ ನನ್ನ ಲ್ಯಾಬಿಗೆ ಒಂದು ರೂಪಾಯಿ ಬರುವುದಿಲ್ಲ. ಆದರೂ ಇವನ್ನೇ ಮೊದಲು ಮಾಡಿ. ಗುಳಿಬಿದ್ದು ಕಪ್ಪಾದ ಹಲ್ಲಿಗೆ ಇವು ಸಾಲುವುದಿಲ್ಲ, ಅಲ್ಲಿ ವೀನಿಯರೇ ಸರಿ. ಅಲ್ಲಿಯೂ ಮೊದಲು ಬ್ಲೀಚ್ ಮಾಡಿ ಕಪ್ಪನ್ನು ತಿಳಿಯಾಗಿಸಿದರೆ ನನ್ನ ಪದರ ತೆಳುವಾಗಬಹುದು, ಯಾಕೆಂದರೆ ಒಂದು ಶೇಡ್ ಬದಲಿಸಲು ಸುಮಾರು 0.2ರಿಂದ 0.3 ಮಿಲಿಮೀಟರ್ ಪಿಂಗಾಣಿ ಬೇಕು ಎಂಬುದು ನಮ್ಮ ಕಸುಬಿನ ಅಂದಾಜು. ಬ್ಲೀಚ್ ಆದ ಮೇಲೆ ಅಂಟು ಸರಿಯಾಗಿ ಕಚ್ಚಲು ಎರಡು ವಾರ ಕಾಯಬೇಕು. ಮದುವೆ ಮುಂದಿನ ಶುಕ್ರವಾರ ಎಂದು ಸ್ಲಿಪ್ಪಿನಲ್ಲಿ ಬರೆದಾಗ ಆ ಎರಡು ವಾರ ಎಲ್ಲಿಂದ ತರಲಿ?

ಬಣ್ಣದ ವಿಷಯದಲ್ಲಿ ತಾವು ನನ್ನ ಕೆಲಸ ಹಗುರ ಮಾಡಿದ್ದೀರಿ, ಒಪ್ಪುತ್ತೇನೆ. ಹಳೆಯ ಶೇಡ್ ಗೈಡಿನಲ್ಲಿ ಹದಿನಾರು ಬಣ್ಣಗಳಿವೆ. ತಮ್ಮ ಸ್ಲಿಪ್ಪುಗಳಲ್ಲಿ ಈಚೆಗೆ ಒಂದೇ, ಅವುಗಳಾಚೆಯ ಅತಿ ಬಿಳುಪಿನ ಬಿಎಲ್1. ಹತ್ತೊಂಬತ್ತರ ಹುಡುಗಿಗೂ ಅದೇ, ಅರವತ್ತು ದಾಟಿದ ಮೇಷ್ಟರಿಗೂ ಅದೇ. ವಸಡಿನ ಬಳಿ ಸ್ವಲ್ಪ ಬೆಚ್ಚಗೆ, ತುದಿಯಲ್ಲಿ ನೀಲಿಯ ಛಾಯೆ, ಒಳಗೆ ಒಂದು ಸಣ್ಣ ಸೀಳುಗೆರೆ, ಹೀಗೆ ಹಲ್ಲಿಗೆ ಜೀವ ಬರಿಸುವ ವಿದ್ಯೆಯನ್ನು ನಾನು ಗುರುಗಳ ಪಕ್ಕ ಕೂತು ಕಲಿತೆ. ಒಮ್ಮೆಯಾದರೂ ರೋಗಿಯ ಮುಖದ, ತುಟಿಯ, ಉಜ್ಜಿದ ಹಲ್ಲಿನ ಬಣ್ಣದ ಫೋಟೊ ಕಳಿಸಿ. ನನ್ನ ಕೈಲಾದದ್ದನ್ನೆಲ್ಲ ಅದರಲ್ಲಿ ತೋರಿಸುತ್ತೇನೆ.

ಕೊರೆಯುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. 'ನೋ ಪ್ರೆಪ್' ಎಂದು ಏನೂ ಮುಟ್ಟದೆ ಕಳಿಸಿದ ಅಳತೆಗಳಲ್ಲೂ ಕಷ್ಟ ಕಂಡಿದ್ದೇನೆ. ಮೊದಲೇ ಮುಂದೆ ಉಬ್ಬಿದ ಹಲ್ಲಿಗೆ ಮೇಲಿಂದ ಪದರ ಕೂರಿಸಿದರೆ ತುಟಿ ಎದ್ದು ನಿಲ್ಲುತ್ತದೆ, ವಸಡಿನ ಅಂಚಿನಲ್ಲಿ ಮೆಟ್ಟಿಲಾಗುತ್ತದೆ, ಅಲ್ಲಿ ಕೊಳೆ ಕೂತು ವಸಡು ಕೆಂಪಾಗಿ ರಕ್ತ ಬರುತ್ತದೆ. ಅಂಥಲ್ಲಿ 0.3 ಮಿಲಿಮೀಟರ್ ತೆಗೆಯುವುದೇ ಹಲ್ಲಿಗೆ ಮಾಡುವ ಉಪಕಾರ. ಚಿಕ್ಕದಾಗಿ ಉಳಿದ ಪಕ್ಕದ ಹಲ್ಲು, ಸಂದಿರುವ ಸಾಲು, ತುದಿ ಸವೆದ ಹಲ್ಲು, ಇವಕ್ಕೆ ಏನೂ ಕೊರೆಯದೆ ನಡೆಯುತ್ತದೆ. ಯಾವುದಕ್ಕೆ ಯಾವುದು ಎಂದು ಪ್ರತಿ ಹಲ್ಲಿಗೂ ಬೇರೆ ಬೇರೆ ಯೋಚಿಸಬೇಕೆಂಬುದಷ್ಟೇ ನನ್ನ ಕೋರಿಕೆ. ಆರೂ ಹಲ್ಲಿಗೆ ಒಂದೇ ಬರ್, ಒಂದೇ ಆಳ ಬೇಡ.

ಅಂಟಿಸುವ ದಿನದ ಬಗ್ಗೆಯೂ ಎರಡು ಮಾತು. ಜೊಲ್ಲು ತಡೆಯುವ ರಬ್ಬರ್ ಡ್ಯಾಮ್ ಕಟ್ಟಲು ಹತ್ತು ನಿಮಿಷ ಹಿಡಿಯುತ್ತದೆ, ಆದರೂ ಕಟ್ಟಿ. ಎಚ್ ಮಾಡಿದ ಮೇಲೆ ಒಂದು ಹನಿ ಜೊಲ್ಲು ತಾಗಿದರೂ ಅಂಟಿನ ಬಲ ಕುಗ್ಗುತ್ತದೆ. ಪಿಂಗಾಣಿಯನ್ನು ರೆಸಿನ್ನಿಗೆ ಬೆಸೆಯುವ ಸೈಲೇನನ್ನು ಒಳಮೈಗೆ ಹಚ್ಚುವುದು ಮರೆತರೂ ಅಷ್ಟೇ. ಲಿಥಿಯಂ ಡೈಸಿಲಿಕೇಟ್ ಎಂಬ ಪಿಂಗಾಣಿಗೆ ಶೇಕಡ 5ರ ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡು ಸಾಕು, ಬೇರೆ ಪಿಂಗಾಣಿಗೆ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದಲೇ ಡಬ್ಬಿಯ ಮೇಲೆ ಯಾವ ವಸ್ತು ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸುತ್ತೇನೆ. ದಯಮಾಡಿ ಅದನ್ನು ಓದಿ. ಜೊತೆಗೆ ರೋಗಿಗೂ ಒಂದು ವಿಷಯ ಹೇಳಿ: ಇಪ್ಪತ್ತೆರಡನೇ ವಯಸ್ಸಿಗೆ ಹಾಕಿಸಿಕೊಂಡ ವೀನಿಯರನ್ನು ಬಾಳಿನಲ್ಲಿ ಒಮ್ಮೆಯಲ್ಲದಿದ್ದರೆ ಎರಡು ಸಲ ಬದಲಿಸಬೇಕಾಗುತ್ತದೆ. ಪ್ರತಿ ಸಲವೂ ಉಳಿದ ಎನಾಮಲ್ಲಿನಿಂದಲೇ ಅದಕ್ಕೆ ಜಾಗ ಸಿಗಬೇಕು.

ತಮ್ಮ ವೃತ್ತಿಯಲ್ಲಿ ಇದನ್ನೆಲ್ಲ ಮನಸ್ಸಿಟ್ಟು ಮಾಡುವವರಿದ್ದಾರೆ. ಒಬ್ಬ ಡಾಕ್ಟರಮ್ಮ ಈಚೆಗೆ ನಾಲ್ಕು ಹಲ್ಲಿನ ಕೆಲಸ ಕಳಿಸಿದ್ದರು. ಮುಟ್ಟುವ ಮೊದಲಿನ ಸ್ಕ್ಯಾನು, ಆಮೇಲಿನ ಸ್ಕ್ಯಾನು ಎರಡೂ ಇದ್ದವು. ಒಂದರ ಮೇಲೊಂದು ಕೂರಿಸಿ ನೋಡಿದರೆ ಎಷ್ಟು ತೆಗೆದಿದ್ದಾರೆಂದು ಕಂಪ್ಯೂಟರ್ ಬಣ್ಣದಲ್ಲಿ ತೋರಿಸುತ್ತದೆ. ತುದಿಯ ಚೂಪು ಅಂಚನ್ನು ಉಜ್ಜಿದ್ದು ಬಿಟ್ಟರೆ ಏನೂ ಇಲ್ಲ! ಆ ಪರದೆಯ ಮುಂದೆ ನನ್ನ ಕಣ್ಣು ತುಂಬಿತು. ಆ ನಾಲ್ಕು ಪದರಗಳಿಗೆ ನಾನು ಹಾಕಿದಷ್ಟು ಶ್ರಮವನ್ನು ಯಾವ ಅರ್ಜೆಂಟ್ ಕೇಸಿಗೂ ಹಾಕಿಲ್ಲ.

ಈಗ ತಮ್ಮದೇ ಒಂದು ಡಬ್ಬಿ ನನ್ನ ಬೆಂಚಿನ ಮೇಲಿದೆ. ಹತ್ತೊಂಬತ್ತರ ಹುಡುಗಿ, ಮೇಲಿನ ಆರು ಹಲ್ಲು. ಇನ್ನೂ ಉಜ್ಜಿಲ್ಲ, ತಾತ್ಕಾಲಿಕ ಹಲ್ಲು ಮೊದಲೇ ಮಾಡಿಡಲು ಅಳತೆ ಕಳಿಸಿದ್ದೀರಿ. ತಾವು ಕೇಳದಿದ್ದರೂ ಅದರ ಮೇಲೆ ಮೇಣ ಕಟ್ಟಿ ನೋಡಿದೆ. ನಾಲ್ಕು ಹಲ್ಲಿಗೆ ಏನೂ ಕೊರೆಯಬೇಕಿಲ್ಲ. ಎಡಗಡೆ ಎರಡಕ್ಕೆ ಮಾತ್ರ ಹೊರ ಮೂಲೆಯಲ್ಲಿ 0.3 ಮಿಲಿಮೀಟರ್ ಬೇಕು, ಅದನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಸಿಲಿಕಾನ್ ಅಚ್ಚೂ ಜೊತೆಗಿದೆ. ಸಂಜೆ ಹುಡುಗ ತಂದುಕೊಡುತ್ತಾನೆ. ಆಕೆಯ ಬಾಯಲ್ಲಿ ಒಮ್ಮೆ ಕೂರಿಸಿ, ಕನ್ನಡಿ ಕೊಟ್ಟು, ಒಂದು ಫೋಟೊ ತೆಗೆದು ಕಳಿಸಿ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಇದಕ್ಕೆ ಬಿಲ್ ಇಲ್ಲ.

ತಮ್ಮ ವಿಧೇಯ,
ಲ್ಯಾಬಿನ ಪಿಂಗಾಣಿ ಕೆಲಸದವನು